ಬಂದ ದಿನವೂ ಲೆಕ್ಕ

ಇಪ್ಪತ್ತೆರಡು ವರ್ಷ ನಾನು ಮನೆ ಬಾಡಿಗೆಗೆ ಕೊಟ್ಟವನು. ಕೇಳಿಕೊಂಡು ಹೋದವನಲ್ಲ. ಕೊಡುವವನು ಕುರ್ಚಿಯಲ್ಲಿ ಕೂತಿರುತ್ತಾನೆ. ಕೇಳುವವನು ಚಪ್ಪಲಿ ಎಲ್ಲಿ ಬಿಡುವುದೆಂದು ತಿಳಿಯದೆ ಬಾಗಿಲಲ್ಲಿ ನಿಂತಿರುತ್ತಾನೆ. ಕುರ್ಚಿಗೂ ಬಾಗಿಲಿಗೂ ನಾಲ್ಕೇ ಹೆಜ್ಜೆ. ಆ ನಾಲ್ಕು ಹೆಜ್ಜೆಯನ್ನು ಹಿಂದಕ್ಕೆ ಇಡುವ ಹೊತ್ತಿಗೆ ನನಗೆ ಐವತ್ತಮೂರು ತುಂಬಿತ್ತು.

ಕಾರಣ ನನ್ನ ಹೆಂಡತಿ. ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಕಾಲರ್ ಹೊಲಿಯುತ್ತ ಶುರುಮಾಡಿದವಳು, ಮೇಲೇರಿ ಸೂಪರ್‌ವೈಸರ್ ಆದಳು. ಈಗ ಅದೇ ಕಂಪನಿಯವರು ಅವಳನ್ನು ಈ ನಗರದ ದೊಡ್ಡ ಕಾರ್ಖಾನೆಗೆ, ಇಡೀ ಒಂದು ಮಹಡಿಯ ಉಸ್ತುವಾರಿ ಕೊಟ್ಟು ಕಳಿಸಿದರು. ನಾನು ಮೋಟಾರ್ ವೈಂಡಿಂಗ್ ಮಾಡುವವನು. ಸುಟ್ಟ ಪಂಪು, ಸುಟ್ಟ ಫ್ಯಾನು ಯಾವ ಊರಲ್ಲಿಲ್ಲ? ತಾಮ್ರದ ತಂತಿಯ ಉರುಳೆ ಚೀಲಕ್ಕೆ ಹಾಕಿಕೊಂಡು ಅವಳ ಹಿಂದೆ ಹೊರಟೆ. ನಮ್ಮ ಸ್ವಂತ ಮನೆಯ ಅರ್ಧದಲ್ಲಿ ಎಂಟು ವರ್ಷದಿಂದ ಬಾಡಿಗೆಗಿದ್ದ ಟೈಲರ್‌ಗೇ ಉಳಿದರ್ಧವನ್ನೂ ಒಪ್ಪಿಸಿ ಬಂದೆವು.

ಕಂಪನಿ ನಮಗೆ ಒಂದು ಕೋಣೆ ಕೊಟ್ಟಿತ್ತು, ಹದಿನೈದು ದಿನಕ್ಕೆ. ಅಷ್ಟರೊಳಗೆ ಮನೆ ಸಿಗದಿದ್ದರೆ ಅವಳು ಹೆಂಗಸರ ಹಾಸ್ಟೆಲಿಗೆ ಹೋಗಬೇಕು. ಗಂಡಂದಿರಿಗೆ ಗೇಟಿನವರೆಗೆ ಮಾತ್ರ ಪ್ರವೇಶ ಎಂದು ಅಲ್ಲಿ ಬೋರ್ಡಿದೆ. ನಾನು ಬಂದ ದಾರಿ ಹಿಡಿಯಬೇಕು. ಇಪ್ಪತ್ತೇಳು ವರ್ಷ ಒಂದೇ ಸೂರಿನ ಕೆಳಗೆ ಜಗಳವಾಡಿಕೊಂಡು ಬಂದವರು ಇನ್ನು ಫೋನಿನಲ್ಲಿ ಜಗಳವಾಡುವುದೇ? ಫೋನಿನ ಜಗಳದಲ್ಲಿ ಅವಳು ಸಿಟ್ಟು ಬಂದರೆ ಕಟ್ ಮಾಡಿಬಿಡುತ್ತಾಳೆ. ಎದುರಿಗಾದರೆ ಪಾತ್ರೆಯ ಸದ್ದಾದರೂ ಕೇಳಿಸುತ್ತದೆ.

ಹತ್ತು ದಿನದಲ್ಲಿ ಹನ್ನೊಂದು ಮನೆ ನೋಡಿದೆವು. ಒಬ್ಬ ಮಾಲೀಕ "ಗಾಳಿ ಬೆಳಕು ಬಹಳ ಚೆನ್ನಾಗಿದೆ" ಎಂದು, ಅದನ್ನು ತೋರಿಸಲು ನಡು ಮಧ್ಯಾಹ್ನ ಲೈಟು ಹಾಕಿದ. "ಗಾಳಿ ತೋರಿಸೋಕೆ ಫ್ಯಾನ್ ಹಾಕ್ತೀರಾ?" ಎಂದು ಕೇಳಿದೆ. ಆ ಮನೆ ಹೋಯಿತು. ಇನ್ನೊಂದರಲ್ಲಿ ಅಡುಗೆಮನೆಯ ಬಾಗಿಲು ಮುಚ್ಚಿದರೆ ಮಾತ್ರ ಬಚ್ಚಲಿನ ಬಾಗಿಲು ತೆಗೆಯುತ್ತಿತ್ತು. "ಒಬ್ಬರಿಗೆ ಹಸಿವಾದಾಗ ಇನ್ನೊಬ್ಬರು ಏನು ಮಾಡಬೇಕು?" ಎಂದೆ. ಅದೂ ಹೋಯಿತು. ಮತ್ತೊಬ್ಬಳು "ಗಂಡ ಹೆಂಡ್ತಿ ಜಗಳ ಗಿಗಳ ಇಲ್ಲ ತಾನೆ?" ಎಂದು ಕೇಳಿದಳು. ನನ್ನ ಹೆಂಡತಿ "ಛೆ, ಇಲ್ಲ" ಎಂದಳು. ನಾನು ಅದೇ ಹೊತ್ತಿಗೆ "ದಿನಾ" ಎಂದೆ.

ಹನ್ನೊಂದನೆಯದೂ ಕೈತಪ್ಪಿದ ಮೇಲೆ ಅವಳು ಬೀದಿಯಲ್ಲೇ ನಿಂತಳು.

"ರೀ, ಮುಂದಿನ ಮನೇಲಿ ನೀವು ಬಾಯಿ ಬಿಟ್ರೆ ನಾನು ಹಾಸ್ಟೆಲ್ ಫಾರಂ ತುಂಬ್ತೀನಿ."

"ಹಂಗಾದ್ರೆ ನಾನ್ಯಾಕೆ ಬರ್ಬೇಕು?"

"ಗಂಡ ಇದಾನೆ ಅಂತ ತೋರಿಸೋಕೆ. ತೋರಿಸಿದ್ರೆ ಸಾಕು, ಕೇಳಿಸೋದು ಬೇಡ."

ಹನ್ನೆರಡನೇ ಮನೆಗೆ ಕರೆದುಕೊಂಡು ಹೋದವನು ಹೆಲ್ಮೆಟ್ ಎಂಬ ಬ್ರೋಕರ್. ಅವನು ಹೆಲ್ಮೆಟ್ ತೆಗೆದದ್ದನ್ನು ನಾನು ಈವರೆಗೆ ಕಂಡಿಲ್ಲ. ಮಹಡಿ ಮೆಟ್ಟಿಲು ಹತ್ತುವಾಗಲೂ, ಕಾಫಿ ಕುಡಿಯುವಾಗಲೂ ಅದು ತಲೆಯ ಮೇಲೇ ಇರುತ್ತದೆ. ಮಾಲೀಕರು ಒಂಟಿ ಹೆಂಗಸು. ನಲವತ್ತು ವರ್ಷ ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತು ನಿವೃತ್ತರಾದವರು. ಬೀದಿಗೆಲ್ಲ ಅವರು ಪೋಸ್ಟಮ್ಮ. ಬಾಗಿಲು ತೆಗೆದವರೇ ನಮ್ಮಿಬ್ಬರನ್ನೂ ಪಾರ್ಸೆಲ್ ನೋಡಿದಂತೆ ನೋಡಿದರು. ತೂಕ ಎಷ್ಟು, ಒಳಗೇನಿದೆ, ಒಡೆಯುವಂಥದ್ದೇ, ಸೋರುವಂಥದ್ದೇ.

ಮನೆ ಎರಡನೇ ಮಹಡಿಯಲ್ಲಿತ್ತು. ಎರಡು ಕೋಣೆ, ಒಂದು ಅಡುಗೆಮನೆ. ಅಡುಗೆಮನೆಯ ಕಿಟಕಿಯಿಂದ ಅವಳ ಕಾರ್ಖಾನೆಯ ಗೇಟು ಕಾಣುತ್ತಿತ್ತು. ಬೆಳಗಿನ ಸೈರನ್ ಆದ ಮೇಲೆ ಹೊರಟರೂ ಹಾಜರಿ ತಪ್ಪದಷ್ಟು ಹತ್ತಿರ. ಹಿಂದೆ ಒಂದು ಪುಟ್ಟ ಬಾಲ್ಕನಿ, ಮೇಲೆ ತಗಡು, ಗೋಡೆಯಲ್ಲಿ ಪ್ಲಗ್ ಪಾಯಿಂಟು. ಅದನ್ನು ಕಂಡದ್ದೇ ನನ್ನ ಕಣ್ಣಿಗೆ ಅಲ್ಲಿ ಬೆಂಚು ಬಂತು, ಬೆಂಚಿನ ಮೇಲೆ ಬಿಚ್ಚಿದ ಮೋಟಾರ್ ಬಂತು, ವಾರ್ನಿಷ್ ವಾಸನೆಯೂ ಬಂತು. ಕೆಳಗೆ ನೀರಿನ ಪಂಪು ಓಡುತ್ತಿತ್ತು. ಬೇರಿಂಗ್ ಹೋಗಿದೆ, ಇನ್ನು ಎರಡು ತಿಂಗಳಿಗೆ ಸುಡುತ್ತದೆ. ಹೇಳಲು ಬಾಯಿ ತೆಗೆದೆ. ಹೆಂಡತಿ ನೋಡಿದಳು. ಮುಚ್ಚಿಕೊಂಡೆ.

ಪೋಸ್ಟಮ್ಮ ಒಂದು ಫೈಲು ತಂದು ನನ್ನ ಕೈಗೆ ಕೊಟ್ಟರು. "ನಿಯಮಗಳು. ಇಪ್ಪತ್ತೊಂದಿವೆ. ನಿಂತ್ಕೊಂಡು ಓದಬೇಡಿ, ಕೂತ್ಕೊಂಡು ಓದಿ."

ಓದಿದೆ. ಮೂರನೆಯದಕ್ಕೆ ಬರುವಷ್ಟರಲ್ಲಿ ಕಿವಿ ಬಿಸಿಯಾಯಿತು. 'ಗೋಡೆಗೆ ಮೊಳೆ ಹೊಡೆಯುವ ಮುನ್ನ ಮೊಳೆಯನ್ನು ಮಾಲೀಕರಿಗೆ ತೋರಿಸತಕ್ಕದ್ದು.' ಇದನ್ನು ಬರೆದವನ ತಲೆಗೆ ಮೊದಲು ಮೊಳೆ ಹೊಡೆಯಬೇಕು ಅಂದುಕೊಂಡೆ. ನಾಲ್ಕನೆಯದು ಬಚ್ಚಲಿನಲ್ಲಿ ಹಾಡುವುದರ ಬಗ್ಗೆ. ಎಲ್ಲೋ ಕೇಳಿದಂತಿದೆಯಲ್ಲ ಅನ್ನಿಸಿತು. ಐದನೆಯದು ಹೀಗಿತ್ತು: 'ದಾಳಿಂಬೆ ಗಿಡದಲ್ಲಿ ಒಟ್ಟು ನಲವತ್ತೊಂದು ಕಾಯಿಗಳಿವೆ. ಗಿಡದ ಕಡೆ ಹೋಗುವಾಗಲೂ ಬರುವಾಗಲೂ ಬಾಡಿಗೆದಾರರಿಗೆ ಇದು ನೆನಪಿರತಕ್ಕದ್ದು.'

ಆ ನಲವತ್ತೊಂದು ಕಾಯಿ ಎಣಿಸಿದವನು ನಾನು. ಮೂರು ತಿಂಗಳ ಹಿಂದೆ, ಏಣಿ ಹಾಕಿಕೊಂಡು, ಎರಡು ಸಲ. ಪ್ರತಿ ವರ್ಷ ಕಾಯಿ ಕಟ್ಟಿದಾಗ ಎಣಿಸಿ, ಪಟ್ಟಿ ತಿದ್ದಿ, ಹೊಸ ಪ್ರತಿಯನ್ನು ಟೈಲರ್‌ನ ಬಾಗಿಲಿಗೆ ಅಂಟಿಸುವುದು ನನ್ನ ಪದ್ಧತಿ. ಇಪ್ಪತ್ತೊಂದೂ ನನ್ನವೇ. 'ತಕ್ಕದ್ದು' ಸಮೇತ.

ಸುಮ್ಮನಿರಲಾಗಲಿಲ್ಲ. "ಅಮ್ಮಾ, ದಾಳಿಂಬೆ ಗಿಡ ಎಲ್ಲಿದೆ?"

"ಇಲ್ಲ."

"ಮತ್ತೆ ಈ ನಿಯಮ?"

"ಗಿಡ ಇಲ್ಲದಿದ್ರೆ ಪಾಲಿಸೋದು ಇನ್ನೂ ಸುಲಭ ಅಲ್ವಾ?" ಎಂದರು. "ಈ ಬೀದೀಲಿ ಒಂಬತ್ತು ಮನೆಗೆ ಇದೇ ಪಟ್ಟಿ. ಯಾರೋ ಕಾನೂನು ಅರೆದು ಕುಡಿದ ಮಹಾನುಭಾವರು ಬರೆದಿದ್ದು. ಒಂದಕ್ಷರ ತೆಗೆದ್ರೂ ಕೆಡುತ್ತೆ ಅಂತ ಹಂಗೇ ಇಟ್ಕೊಂಡಿದೀವಿ."

ತನ್ನನ್ನೇ ನೇಣಿಗೆ ಹಾಕುವ ಹಗ್ಗ ಬಹಳ ಗಟ್ಟಿ ಇದೆ ಎಂದು ಹೊಗಳಿದರೆ ಹಗ್ಗ ಹೊಸೆದವನಿಗೆ ಹೇಗಾದೀತು, ನನಗೆ ಹಾಗಾಯಿತು. ಎದೆ ಒಂದು ಅಂಗುಲ ಉಬ್ಬಿದ್ದು ನಿಜ. ಒಂಬತ್ತನೆಯದಕ್ಕೆ ಬಂದಾಗ ಇಳಿಯಿತು. 'ಮನೆಯಲ್ಲಿ ಯಾವುದೇ ಕಸುಬು ನಡೆಸಕೂಡದು.' ಟೈಲರ್‌ನ ಹೊಲಿಗೆ ಯಂತ್ರ ನಿಲ್ಲಿಸಲು ಬರೆದದ್ದು. ಬಾಲ್ಕನಿಯ ಬೆಂಚು ಕಣ್ಣೆದುರಿಂದ ಎದ್ದು ಹೋಯಿತು. ಹದಿನಾಲ್ಕು: 'ನೆಂಟರು ಬಂದರೆ ಮೂರು ದಿನ. ಆಮೇಲೆ ಒಂದು ದಿನವಾದರೂ ಅಂತರ ಬಿಡತಕ್ಕದ್ದು.' ಅದು ಮೂರು ದಿನಕ್ಕೆಂದು ಬಂದು ಮೂರು ತಿಂಗಳು ಉಂಡ ಟೈಲರ್‌ನ ಸೋದರಮಾವನಿಗಾಗಿ. ಹದಿನೇಳು: 'ಹಿಂದಿನ ಮನೆಯ ಮಾಲೀಕರ ಬಳಿ ವಿಚಾರಿಸದೆ ಮನೆ ಕೊಡತಕ್ಕದ್ದಲ್ಲ.' ಇಪ್ಪತ್ತು: 'ಮಾಲೀಕರೆದುರು ದನಿ ಎತ್ತಿದವರಿಗೆ ಮನೆ ಇಲ್ಲ.'

"ನಾಳೆ ಹತ್ತು ಗಂಟೆಗೆ ಬನ್ನಿ," ಎಂದರು ಪೋಸ್ಟಮ್ಮ. "ನಿಮ್ಮ ಹಿಂದಿನ ಮಾಲೀಕರ ಹತ್ರ ಫೋನಲ್ಲಿ ಮಾತಾಡಿಸಿ. ಅವರು ಸರಿ ಅಂದ್ರೆ ಮನೆ ನಿಮ್ದು. ಹನ್ನೊಂದಕ್ಕೆ ಇನ್ನೊಂದು ಸಂಸಾರ ಬರುತ್ತೆ."

ಮೆಟ್ಟಿಲ ತಿರುವಿನಲ್ಲಿ ಹೆಂಡತಿ ತಪ್ಪೊಪ್ಪಿಕೊಂಡಳು. ಗೋಡೆ ನೋಡುತ್ತ.

"ನಿಮ್ಮ ಪಟ್ಟೀದು ಫೋಟೋ ತೆಗೆದು ನಮ್ಮ ಫ್ಯಾಕ್ಟರಿ ಗ್ರೂಪಿಗೆ ಹಾಕಿದ್ದೆ. 'ನಮ್ಮನೆಯವರ ಕೋರ್ಟು ನೋಡಿ' ಅಂತ. ಈ ಊರಿನ ಫ್ಯಾಕ್ಟರಿಯವರೂ ಅದೇ ಗ್ರೂಪಲ್ಲಿದಾರೆ. ಎಲ್ಲಾ ನಕ್ಕಿದ್ರು."

"ನಗೋದೇನಿತ್ತು ಅದ್ರಲ್ಲಿ?"

"ಈ ಬೀದಿಯವರು ನಗಲಿಲ್ಲ ನೋಡಿ. ಅದೇ ತೊಂದ್ರೆ ಆಗಿದ್ದು."

ನಮ್ಮ ಹಿಂದಿನ ಮನೆಗೆ ಮಾಲೀಕ ನಾನೇ. ನನ್ನ ಬಗ್ಗೆ ಯಾರನ್ನು ವಿಚಾರಿಸುವುದು? ವಿಚಾರಿಸದೆ ಮನೆ ಕೊಡಕೂಡದೆಂದು ಬರೆದವನೂ ನಾನೇ. ಉಪಾಯ ಹೇಳಿದವಳು ಅವಳೇ. ಟೈಲರ್ ಒಂದೈದು ನಿಮಿಷ ಮಾಲೀಕನಾಗಲಿ.

"ಅವನ್ಯಾವ ಮಾಲೀಕ?" ಎಂದೆ.

"ಮನೇಲಿರೋನು ಅವನು, ಬೀದೀಲಿರೋರು ನಾವು. ದೂರದಿಂದ ನೋಡಿದ್ರೆ ಮಾಲೀಕ ಯಾರ ಥರ ಕಾಣ್ತಾನೆ ಹೇಳಿ."

ಟೈಲರ್‌ಗೆ ಫೋನ್ ಮಾಡಿದೆ. ಹಿಂದೆ ಯಂತ್ರದ ಸದ್ದು ಕೇಳಿಸುತ್ತಿತ್ತು. ನನ್ನ ದನಿ ಕೇಳಿದ ಕೂಡಲೇ ನಿಂತಿತು.

"ಹೇಳಿ ಯಜಮಾನ್ರೇ. ಹೊಲೀತಾ ಇರಲಿಲ್ಲ, ಎಣ್ಣೆ ಹಾಕ್ತಿದ್ದೆ."

ವಿಷಯ ಹೇಳಿದೆ. "ನಿಮ್ಮನ್ನ ಬಾಡಿಗೆಗಿಟ್ಕೊಂಡಿದ್ದೆ ಅಂತ ನಾನು ಹೇಳ್ಬೇಕು?"

"ಹೂಂ."

"ದೊಡ್ಡ ಮಾತು. ಹೇಳೋಣ. ಆದ್ರೆ ಹನ್ನೆರಡನೇ ನಿಯಮದ ಪ್ರಕಾರ ಯಾವುದೇ ಬೇಡಿಕೆ ಬರಹದಲ್ಲಿರಬೇಕಲ್ಲ ಯಜಮಾನ್ರೇ. ನಾನು ಟ್ಯೂಬ್‌ಲೈಟ್ ಕೇಳಿದಾಗ ನೀವೇ ಹೇಳಿದ್ರಿ."

"ಟೈಲರ್, ತಲೆ ತಿನ್ನಬೇಡ. ನಿನಗೇನು ಬೇಕು?"

"ಒಂಬತ್ತನೇದು ಹೊಡೆದು ಹಾಕ್ಬೇಕು. ನಾನು ಹೊಲೀದೆ ಹೆಂಗೆ ತಿನ್ನಲಿ ಹೇಳಿ. ಎಂಟು ವರ್ಷದಿಂದ ಕಂಬಳಿ ಹೊದ್ಕೊಂಡು ಕಾಜಾ ಮಾಡ್ತಿದೀನಿ."

ಇಲ್ಲ ಎನ್ನಲು ಹೊರಟವನಿಗೆ ಬಾಲ್ಕನಿ ನೆನಪಾಯಿತು. ಹಲ್ಲು ಕಚ್ಚಿ "ಆಯ್ತು" ಎಂದೆ. ಆ ಕಡೆ ಯಂತ್ರ ಮತ್ತೆ ಓಡಿತು. ಈ ಸಲ ಅವನು ಅದನ್ನು ಎಣ್ಣೆ ಎನ್ನಲಿಲ್ಲ.

ಮರುದಿನ ಹತ್ತಕ್ಕೆ ಪೋಸ್ಟಮ್ಮನ ಮೇಜಿನ ಮೇಲೆ ಫೋನಿಟ್ಟು ಸ್ಪೀಕರ್ ಹಾಕಿದೆವು. ಹೆಲ್ಮೆಟ್ ಬಾಗಿಲಿಗೊರಗಿ ನಿಂತಿದ್ದ. ಟೈಲರ್‌ನ ದನಿ ಬಂತು. ಎಂಟು ವರ್ಷದಲ್ಲಿ ನಾನು ಕೇಳಿರದ ದನಿ, ನಿಧಾನ, ದಪ್ಪ, ಹೊಟ್ಟೆಯಿಂದ ಬರುವಂಥದ್ದು. ಆಮೇಲೆ ಹೊಳೆಯಿತು, ಅದು ನನ್ನ ದನಿ. ಅವನು ನನ್ನನ್ನೇ ಆಡಿ ತೋರಿಸುತ್ತಿದ್ದ.

"ಕೇಳಿಯಮ್ಮ. ಮನುಷ್ಯ ಒಳ್ಳೆಯೋನೇ. ಬಾಯಿ ಸ್ವಲ್ಪ ಜೋರು. ಬಾಡಿಗೆದಾರರು ಅಂದ್ಮೇಲೆ ನಾವೇ ತಿದ್ದಿ ತೀಡಿ ಇಟ್ಕೋಬೇಕು."

ಹೆಂಡತಿ ನನ್ನ ಕಾಲು ತುಳಿದಳು.

"ನಿಯಮ ಪಾಲಿಸ್ತಾರಾ?" ಪೋಸ್ಟಮ್ಮ ಕೇಳಿದರು. "ನಮ್ಮಲ್ಲಿ ಇಪ್ಪತ್ತೊಂದಿವೆ. ಮೊಳೆದು, ದಾಳಿಂಬೇದು..."

"ದಾಳಿಂಬೆ? ಅದು ನಮ್ಮನೆ ಪಟ್ಟಿ ಕಣಮ್ಮ. ಗಿಡ ಈಗ ನನ್ನ ಕಣ್ಣೆದುರಿಗೇ ಇದೆ."

ಪೋಸ್ಟಮ್ಮ ಕುರ್ಚಿಯಿಂದ ಎದ್ದು ನಿಂತರು. ನಿಜವಾಗಿ ಎದ್ದು ನಿಂತರು. ಸೆರಗು ಸರಿಮಾಡಿಕೊಂಡರು. "ಅದನ್ನ ಬರೆದೋರು ನೀವಾ?"

ಅಲ್ಲ ಎನ್ನಲು ಅವನಿಗೊಂದು ಅವಕಾಶವಿತ್ತು. ಅವನು ಅದನ್ನು ಬಳಸಿಕೊಂಡ, ಆದರೆ ಬೇರೆ ಥರ.

"ಏನೋ, ಬಿಡುವಿನಲ್ಲಿ ಗೀಚಿದ್ದು."

ನನ್ನ ಇಪ್ಪತ್ತೆರಡು ವರ್ಷದ ಅನುಭವ, ಒಂದೊಂದು ನಿಯಮದ ಹಿಂದೆ ಒಂದೊಂದು ಜಗಳ, ಅವನಿಗೆ ಬಿಡುವಿನಲ್ಲಿ ಗೀಚಿದ್ದಂತೆ. ಹೆಂಡತಿ ಇನ್ನೊಂದು ಕಾಲನ್ನೂ ತುಳಿದಳು. ಮನೆ, ಗೇಟು, ಬಾಲ್ಕನಿ ಎಂದು ಮನಸ್ಸಿನಲ್ಲೇ ಹೇಳಿಕೊಂಡೆ.

ಟೈಲರ್ ಮುಂದುವರಿಸಿದ. "ಅದ್ರಲ್ಲಿ ಒಂಬತ್ತನೇದು ತೆಗೆದು ಹಾಕಿದೀನಿ ನೋಡಿ. ಮನೇಲಿ ಕಸುಬು ಮಾಡಿದ್ರೆ ತಪ್ಪೇನು. ಹೊಟ್ಟೆಪಾಡು." ಪೋಸ್ಟಮ್ಮ ತಕ್ಷಣ ಸ್ಕೇಲು, ಕೆಂಪು ಪೆನ್ನು ತೆಗೆದು ಒಂಬತ್ತರ ಮೇಲೆ ಗೆರೆ ಎಳೆದರು. ಬೆಂಚು ಬಾಲ್ಕನಿಗೆ ವಾಪಸು ಬಂತು. ನಾನು ಮನಸ್ಸಿನಲ್ಲೇ ಟೈಲರ್‌ಗೆ ಅರ್ಧ ಕ್ಷಮೆ ಕೊಟ್ಟೆ.

ಅಲ್ಲಿಗೆ ಮುಗಿಯಬೇಕಿತ್ತು. ಹೆಲ್ಮೆಟ್ ಆಗಲೇ ಬೀಗದ ಕೈ ಎಣಿಸುತ್ತಿದ್ದ. ಆದರೆ ಪೋಸ್ಟಮ್ಮನಿಗೆ ಇಂಥ ಅವಕಾಶ ಮತ್ತೆ ಸಿಗಬೇಕಲ್ಲ.

"ಒಂದು ಸಂಶಯ ಇತ್ತು. ಹದಿನಾಲ್ಕನೇದು. ನೆಂಟರಿಗೆ ಮೂರು ದಿನ ಅಂತಿದೆ. ಬಂದ ದಿನ ಲೆಕ್ಕಕ್ಕೆ ತಗೋಬೇಕಾ, ಬಿಡಬೇಕಾ? ಬೀದಿಯಲ್ಲಿ ಇದರ ಮೇಲೆ ಎರಡು ಜಗಳ ಆಗಿದೆ."

"ಬಿಡಿ, ಬಿಡಿ," ಎಂದ ಟೈಲರ್, ಧಾರಾಳವಾಗಿ. "ಬಂದ ದಿನ ಬಿಡಿ, ಹೊರಡೋ ದಿನಾನೂ ಬಿಡಿ. ಮಳೆ ಬಂದ್ರೆ ಆ ದಿನಾನೂ ಲೆಕ್ಕಕ್ಕಿಲ್ಲ. ಇನ್ನು ಸೋದರಮಾವ ಬಂದ್ರೆ..."

"ಬಂದ ದಿನವೂ ಲೆಕ್ಕ," ಎಂದೆ.

ಎಂದೆ ಅಂದರೆ ಸಣ್ಣದಾಯಿತು. ಎದುರು ಮನೆಯ ಕಿಟಕಿ ತೆರೆಯಿತು. "ಹೊರಡೋ ದಿನಾನೂ ಲೆಕ್ಕ. ಮಳೆ ಬರಲಿ, ಬೆಂಕಿ ಬೀಳಲಿ, ಮೂರು ಅಂದ್ರೆ ಮೂರು. ಸೋದರಮಾವನಿಗೇ ಅಂತ ಬರೆದದ್ದು ಕಣಯ್ಯ ಅದನ್ನ. ಇವನಲ್ಲ ಬರೆದದ್ದು, ನಾನು. ಇವನು ನನ್ನ ಬಾಡಿಗೆದಾರ. ಒಂದು ನಿಯಮಾನೂ ನೆಟ್ಟಗೆ ಪಾಲಿಸದ ಮನುಷ್ಯ ನನ್ನ ಪಟ್ಟಿಗೆ ಅರ್ಥ ಹೇಳ್ತಾನೆ."

ಫೋನಿನಿಂದ ಸಣ್ಣ ದನಿ ಬಂತು. "ಯಜಮಾನ್ರೇ, ನಾನು ಇಡಲಾ?"

ಪೋಸ್ಟಮ್ಮ ಕೂತರು. ಫೈಲನ್ನು ತಮ್ಮ ಕಡೆ ತಿರುಗಿಸಿಕೊಂಡು ಬೆರಳಿಟ್ಟು ಓದಿದರು.

"ಹದಿನೇಳು. ವಿಚಾರಣೆಗೆ ಸುಳ್ಳು ಮನುಷ್ಯನ್ನ ತಂದ್ರಿ. ಇಪ್ಪತ್ತು. ಮಾಲೀಕರೆದುರು ದನಿ ಎತ್ತಿದ್ರಿ. ನೀವೇ ಬರೆದಿದ್ದೀರಿ, ಮನೆ ಇಲ್ಲ ಅಂತ. ನಾನು ಹೇಳೋದೇನೂ ಉಳಿದಿಲ್ಲ."

ಟೈಲರ್‌ನ ಉಪಾಯ ಹೆಂಡತಿಯದು ಎಂಬ ಮಾತು ಅಲ್ಲಿ ಬರಲಿಲ್ಲ. ನಾನು ತರಲೂ ಇಲ್ಲ. ಎದ್ದೆ. ಅವಳು ಏಳಲಿಲ್ಲ.

"ಅಮ್ಮಾ," ಎಂದಳು, ಹೊಲಿಗೆ ಸಾಲಿನಲ್ಲಿ ತಪ್ಪು ತುಂಡು ಹಿಂದಕ್ಕೆ ಕೊಡುವಾಗ ಆಡುವ ದನಿಯಲ್ಲಿ. "ಮನೆ ಬೇಕಾಗಿರೋದು ನನಗೆ. ಕೆಲಸ ನಂದು, ಸಂಬಳ ನಂದು. ನಾನು ದನಿ ಎತ್ತಿಲ್ಲ."

ಪೋಸ್ಟಮ್ಮ ಅವಳನ್ನು ಇನ್ನೊಮ್ಮೆ ತೂಗಿದರು. "ಅದೂ ನಿಜ. ಪತ್ರ ನಿಮ್ಮ ಹೆಸರಿಗೆ ಮಾಡೋಣ."

"ಮತ್ತೆ ನಾನು?" ಎಂದೆ.

"ನೀವು ಅವರ ನೆಂಟರು. ಹದಿನಾಲ್ಕನೇದು ನಿಮಗೆ ಅನ್ವಯ. ಬಂದ ದಿನವೂ ಲೆಕ್ಕ, ಅಲ್ವಾ?"

ಹೆಲ್ಮೆಟ್ ನಕ್ಕಿರಬೇಕು. ಹೆಲ್ಮೆಟ್ಟಿನೊಳಗೆ ಏನೋ ಸದ್ದಾಯಿತು.

ಹೀಗೆ ನನ್ನ ಬಾಳು ಶುರುವಾಯಿತು. ಮೂರು ದಿನ ಹೆಂಡತಿಯ ಮನೆ. ನಾಲ್ಕನೇ ದಿನ ಬೆಳಿಗ್ಗೆ ಐದು ತಾಸಿನ ಬಸ್ಸು ಹಿಡಿದು ನನ್ನ ಸ್ವಂತ ಮನೆಗೆ. ಅಲ್ಲೂ ನೆಂಟ. ನನ್ನ ಕುರ್ಚಿಯಿದ್ದ ಜಾಗದಲ್ಲಿ ಹೊಲಿಗೆ ಯಂತ್ರ ಕೂತಿತ್ತು. ಟೈಲರ್ ಎದ್ದು ಬಂದು ಕೈಯಿಂದ ಚೀಲ ತೆಗೆದುಕೊಂಡು, "ಬನ್ನಿ ಬನ್ನಿ ಯಜಮಾನ್ರೇ, ಚಪ್ಪಲಿ ಅಲ್ಲೇ ಬಿಡಿ" ಎಂದ. ಎಲ್ಲಿ ಎಂದು ನಾನು ನೋಡಿದೆ. ಬಿಡುವ ಜಾಗ ಬದಲಾಗಿತ್ತು.

ಇನ್ನೊಂದು ಸಲ ಹೋದಾಗ ಗಿಡದ ಕಾಯಿ ಎಣಿಸಿದೆ. ಮೂವತ್ತೆಂಟು.

"ಮೂರು ಕಾಯಿ ಏನಾಯ್ತು?"

"ನೆಂಟರು ಬಂದಿದ್ರಲ್ಲ," ಎಂದ. "ಹೋದ ಸಲ ನೀವು ತಿಂದ್ರಿ, ನೆನಪಿಲ್ವಾ? ತಟ್ಟೇಲಿ ಬಿಡಿಸಿ ಕೊಟ್ಟಿದ್ದೆ."

ನಿಜ, ತಿಂದಿದ್ದೆ. ಹುಳಿ. ಇಷ್ಟು ವರ್ಷ ಏಣಿ ಹಾಕಿ ಕಾದದ್ದು ಹುಳಿ ಕಾಯಿಗೆ. ಅದನ್ನು ಟೈಲರ್ ಮೊದಲಿಂದ ಬಲ್ಲವನಿರಬೇಕು. ಎಂಟು ವರ್ಷದಲ್ಲಿ ಒಂದನ್ನೂ ಕದ್ದಿರಲಿಲ್ಲ.

ಎಂಟು ವಾರ ಹೀಗೇ ಓಡಾಡಿದೆ. ಬಾಲ್ಕನಿಯ ಬೆಂಚಿನ ಮೇಲೆ ಯಾವಾಗಲೂ ಒಂದು ಮೋಟಾರ್ ಅರ್ಧ ಸುತ್ತಿ ಬಿದ್ದಿರುತ್ತಿತ್ತು. ಕೊಟ್ಟವರು ಬೈದು ವಾಪಸು ಒಯ್ಯುತ್ತಿದ್ದರು. ಹೆಂಡತಿ ಒಮ್ಮೆಯೂ ದೂರಲಿಲ್ಲ. ಆದರೆ ಒಂದು ಮೂರನೇ ದಿನ, ನನ್ನ ಅಂಗಿ ಮಡಚಿ ಚೀಲಕ್ಕೆ ಹಾಕುತ್ತ ಅಂದಳು: "ನಾಲ್ಕನೇ ದಿನ ಒಲೆ ಹಚ್ಚೋದೇ ಬಿಟ್ಟಿದೀನಿ ರೀ. ಒಬ್ಬಳಿಗೆ ಏನಂತ ಮಾಡೋದು. ಬ್ರೆಡ್ ತಿನ್ತೀನಿ. ಜಗಳ ಆಡೋಕೂ ಯಾರೂ ಇರಲ್ಲ, ಕಿಟಕೀಲಿ ಗೇಟ್ ನೋಡ್ತಾ ಕೂತ್ಕೋತೀನಿ."

ಚೀಲ ಅಲ್ಲೇ ಬಿಟ್ಟು ಕೆಳಗಿಳಿದೆ. ಪೋಸ್ಟಮ್ಮ ಪಂಪಿನ ಮುಂದೆ ನಿಂತಿದ್ದರು. ಸುಟ್ಟಿತ್ತು. ನಾನು ಅಂದುಕೊಂಡದ್ದಕ್ಕಿಂತ ನಾಲ್ಕು ದಿನ ಮೊದಲೇ.

"ರಿಪೇರಿ ಮಾಡ್ತೀನಿ," ಎಂದೆ. "ಎರಡು ದಿನ ಬೇಕು. ನನಗಿರೋದು ಇವತ್ತೊಂದೇ ದಿನ."

"ಹಂಗಾದ್ರೆ ಬೇರೆಯವರನ್ನ ಕರೀತೀನಿ."

"ಅಮ್ಮಾ, ಆ ಹದಿನಾಲ್ಕನೇದು..."

"ನಾನು ತಿದ್ದಲ್ಲ," ಎಂದರು. "ಬರೆದೋರು ತಿದ್ದಲಿ. ಬರಹದಲ್ಲಿ."

ಒಳಗೆ ಹೋಗಿ ಫೈಲು, ಸ್ಕೇಲು, ಕೆಂಪು ಪೆನ್ನು ತಂದರು. ಪಂಪಿನ ಕಟ್ಟೆಯ ಮೇಲೆ ಬಿಚ್ಚಿಟ್ಟರು. ಕಿವಿ ಬಿಸಿಯಾಯಿತು. ಮೂರು ತಿಂಗಳು ಕೂತು ಉಂಡ ಸೋದರಮಾವ ಕಣ್ಣ ಮುಂದೆ ಬಂದ. ಅವನ ವಿಷಯದಲ್ಲಿ ಆ ನಿಯಮ ಸರಿ, ಇವತ್ತಿಗೂ ಸರಿ. ತಲೆ ಎತ್ತಿದೆ. ಎರಡನೇ ಮಹಡಿಯ ಕಿಟಕಿಯಲ್ಲಿ ಅವಳಿದ್ದಳು, ನನ್ನನ್ನು ನೋಡುತ್ತಿರಲಿಲ್ಲ, ಗೇಟು ನೋಡುತ್ತಿದ್ದಳು. ಸ್ಕೇಲಿಟ್ಟು ಗೆರೆ ಎಳೆದೆ.

"ಪಕ್ಕದಲ್ಲಿ ಕಾರಣ ಬರೀರಿ."

'ತಪ್ಪಿ ಬರೆದದ್ದು' ಎಂದು ಬರೆದು ಸಹಿ ಹಾಕಿದೆ. ಪೋಸ್ಟಮ್ಮ ಸಹಿಯ ಮೇಲೆ ಮುಷ್ಟಿಯಿಂದ ಒಮ್ಮೆ ಕುಟ್ಟಿದರು. ನಲವತ್ತು ವರ್ಷ ಮುದ್ರೆ ಒತ್ತಿದ ಕೈ, ಸುಮ್ಮನಿರಲಿಲ್ಲ. ಆಮೇಲೆ ಪುಟ ತಿರುಗಿಸಿದರು.

"ಪೆನ್ನು ಕೈಯಲ್ಲಿದೆ. ಈ ಐದನೇದೂ ಹೊಡೆದು ಹಾಕ್ತೀರಾ? ಇಲ್ಲಿ ಗಿಡಾನೇ ಇಲ್ಲವಲ್ಲ."

ಯೋಚಿಸಿದೆ.

"ಅದಿರಲಿ ಬಿಡಿ," ಎಂದೆ. "ನಲವತ್ತೊಂದು ಅನ್ನೋದನ್ನ ಮೂವತ್ತೆಂಟು ಅಂತ ತಿದ್ದಿದ್ರೆ ಸಾಕು."